ರಾಜಾಸೀಟ್ ಸಂಜೆಯ ಫೋಟೋ: ಮುಖ ಕಪ್ಪು, ಆಕಾಶ ಬಿಳಿ

ಮಡಿಕೇರಿಯ ರಾಜಾಸೀಟ್‌ನಲ್ಲಿ ಸೂರ್ಯ ಮುಳುಗುವಾಗ ತೆಗೆದ ಫೋಟೋದಲ್ಲಿ ಅಜ್ಜಿಯ ಮುಖ ಕಪ್ಪಾಗಿದೆ, ಬೆಳಕು ಹೆಚ್ಚಿಸಿದರೆ ಆಕಾಶ ಬೆಳ್ಳಗಾಗುತ್ತದೆ ಅಂದಿದ್ದೀರಿ. ಎಕ್ಸ್‌ಪೋಷರ್ ಒಂದನ್ನೇ ಎಳೆದರೆ ಹಾಗಾಗದೆ ಇನ್ನೇನು, ಅದು ಇಡೀ ಚಿತ್ರವನ್ನೇ ಎತ್ತುತ್ತದೆ.

ಫೋಟೋ ತಿದ್ದುವ ಲೈಟ್‌ರೂಮ್ ಆ್ಯಪ್‌ನಲ್ಲಿ ಮೊದಲು ಹೈಲೈಟ್ಸ್ (ಚಿತ್ರದ ಹೆಚ್ಚು ಬೆಳಕಿನ ಭಾಗ) -70ರ ಹತ್ತಿರ ಇಳಿಸಿ. ಮೋಡದ ಅಂಚು ಮತ್ತೆ ಕಂಡರೆ ಸಾಕು. ಸೂರ್ಯನ ಸುತ್ತ ಬೂದು ತೇಪೆ ಬಂದರೆ ಅಲ್ಲಿ ಏನೂ ದಾಖಲಾಗಿಲ್ಲ ಅಂತ ಅರ್ಥ, ಇನ್ನೂ ಎಳೆಯಬೇಡಿ. ಆಮೇಲೆ ಆಯ್ದ ಭಾಗವನ್ನಷ್ಟೇ ತಿದ್ದುವ ಮಾಸ್ಕಿಂಗ್‌ನಲ್ಲಿ ಸೆಲೆಕ್ಟ್ ಸಬ್ಜೆಕ್ಟ್ ಒತ್ತಿ, ಆ ಮಾಸ್ಕ್‌ಗೆ ಮಾತ್ರ ಎಕ್ಸ್‌ಪೋಷರ್ +1, ಶ್ಯಾಡೋಸ್ (ನೆರಳಿನ ಭಾಗ) +30 ಕೊಡಿ. ನೆರಳಿನ ಮುಖದ ಮೇಲೆ ಬೀಳುವುದು ಆಕಾಶದ ನೀಲಿ ಬೆಳಕು, ಹಾಗಾಗಿ ಎತ್ತಿದ ಮೇಲೆ ಚರ್ಮ ಸತ್ತಂತೆ ಕಾಣುತ್ತದೆ. ಅದೇ ಮಾಸ್ಕ್‌ನಲ್ಲಿ ಟೆಂಪ್ ಸ್ವಲ್ಪ ಹಳದಿ ಕಡೆಗೆ ಸರಿಸಿ.

ನಿಜವಾಗಿ ಕೆಡುವುದು ಅಂಚಿನಲ್ಲಿ. 200% ಹಿಗ್ಗಿಸಿ ನೋಡಿ: ಕೂದಲ ಸುತ್ತ, ಕೊಡವ ಸೀರೆಯ ಬಲಭುಜದ ಸೆರಗಿನ ಪಕ್ಕ ಬಿಳಿ ಗೆರೆ ಎದ್ದಿದ್ದರೆ ಮಾಸ್ಕ್ ಆಕಾಶಕ್ಕೆ ಚೆಲ್ಲಿದೆ. ಮಾಸ್ಕ್‌ನಿಂದ ಭಾಗ ಕಳೆಯುವ ಸಬ್‌ಟ್ರ್ಯಾಕ್ಟ್‌ನಲ್ಲಿ ಬ್ರಷ್ ತೆಗೆದುಕೊಂಡು, ಫ್ಲೋ (ಬ್ರಷ್‌ನ ಒತ್ತು) 30ಕ್ಕೆ ಇಟ್ಟು ಮೆಲ್ಲಗೆ ಒರೆಸಿ. ಆದರೆ ನರೆಗೂದಲಿನ ಮೇಲಿನ ಚಿನ್ನದ ಅಂಚು ಬೆಳಕೇ, ಅದನ್ನು ಅಳಿಸಿದರೆ ಫೋಟೋದ ಜೀವವೇ ಹೋದಂತೆ. ಮುಖ ಆಕಾಶಕ್ಕಿಂತ ಒಂದಿಷ್ಟು ಮಂಕಾಗಿಯೇ ಇರಲಿ. ಸಮ ಮಾಡಿದರೆ ಕತ್ತರಿಸಿ ಅಂಟಿಸಿದ ಹಾಗಿರುತ್ತದೆ.

ನಿಮ್ಮದು ಜೆಪೆಗ್ ಆದರೆ +1 ದಾಟುತ್ತಿದ್ದಂತೆ ಕೆನ್ನೆಯಲ್ಲಿ ಬಣ್ಣದ ಚುಕ್ಕೆಗಳು ಏಳುತ್ತವೆ. ಮುಂದಿನ ಸಲ ಕ್ಯಾಮೆರಾ ದಾಖಲಿಸಿದ್ದನ್ನು ಹಾಗೆಯೇ ಉಳಿಸುವ ರಾ (RAW) ಫೈಲ್‌ನಲ್ಲಿ ತೆಗೆಯಿರಿ, ಆಕಾಶ ಬಿಳಿಯಾಗಿ ಸುಡದಂತೆ ಬೆಳಕು ಅಳೆದು ಮುಖಕ್ಕೆ ಫ್ಲ್ಯಾಶ್ ಸ್ವಲ್ಪ ಕಡಿಮೆ ಮಾಡಿ, -1ರಲ್ಲಿ ಕೊಡಿ.