ಸಂಶೋಧನಾ ಅನುದಾನ ಕೇಳುವಾಗ ಪ್ರಸ್ತಾವನೆಯಲ್ಲಿ ಅಷ್ಟೊಂದು ವಿವರ ಏಕೆ ಬೇಕು?

1714ರಲ್ಲಿ ಬ್ರಿಟಿಷ್ ಸಂಸತ್ತು ನಡುಗಡಲಿನಲ್ಲಿ ಹಡಗಿನ ರೇಖಾಂಶ ಕಂಡುಹಿಡಿಯುವ ವಿಧಾನಕ್ಕೆ 20,000 ಪೌಂಡ್‌ವರೆಗೆ ಬಹುಮಾನ ಘೋಷಿಸಿತು. ಅಲ್ಲಿ ಕೆಲಸ ಮೊದಲು, ಹಣ ಆಮೇಲೆ. ಅನುದಾನದಲ್ಲಿ ಇದು ತಿರುವುಮುರುವು: ಫಲಿತಾಂಶ ಕಾಣುವ ಮೊದಲೇ ಸಾರ್ವಜನಿಕರ ಹಣ ನಿಮ್ಮ ಕೈ ಸೇರುತ್ತದೆ. ನಂಬಿಕೆ ಹುಟ್ಟಿಸಲು ಇರುವುದು ಪ್ರಸ್ತಾವನೆ ಮತ್ತು ನಿಮ್ಮ ಹಿಂದಿನ ಕೆಲಸ, ಅಷ್ಟೇ.

ಮೂಲವಿಜ್ಞಾನಕ್ಕೆ ಶಾಂತಿಕಾಲದಲ್ಲೂ ಸರ್ಕಾರವೇ ಹಣ ಒದಗಿಸಬೇಕೆಂದು 1945ರಲ್ಲಿ ಅಮೆರಿಕದ ಯುದ್ಧಕಾಲದ ಸಂಶೋಧನೆಯ ಮುಖ್ಯಸ್ಥರಾಗಿದ್ದ ವನ್ನೆವರ್ ಬುಷ್ ತಮ್ಮ ವರದಿಯಲ್ಲಿ ವಾದಿಸಿದರು. 1950ರಲ್ಲಿ ಅಲ್ಲಿ ಸಂಶೋಧನೆಗೆ ಸರ್ಕಾರದ ಅನುದಾನ ಕೊಡುವ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಸ್ಥಾಪನೆಯಾಯಿತು. ಯಾರಿಗೆ ಹಣ ಕೊಡಬೇಕೆಂದು ಅದೇ ಕ್ಷೇತ್ರದ ತಜ್ಞರು ಪರಿಶೀಲಿಸುವ ಪದ್ಧತಿ ಇಂದು ಎಲ್ಲೆಡೆ ಬೇರೂರಿದೆ.

ಆ ತಜ್ಞರ ಮುಂದೆ ಪ್ರಸ್ತಾವನೆಗಳ ರಾಶಿಯೇ ಇರುತ್ತದೆ. ‘ಮಣ್ಣಿನ ಸೂಕ್ಷ್ಮಜೀವಿಗಳನ್ನು ಅಧ್ಯಯನ ಮಾಡಲಾಗುವುದು’ ಎಂದರೆ ಅವರ ಕೈಗೆ ಏನೂ ಸಿಗುವುದಿಲ್ಲ. ‘ಬರದ ನಂತರ ಸಾರಜನಕ ಸ್ಥಿರೀಕರಿಸುವ ಬ್ಯಾಕ್ಟೀರಿಯಾ ಚೇತರಿಸಿಕೊಳ್ಳಲು ಎಷ್ಟು ದಿನ ಬೇಕು?’ ಎಂದು ಬರೆಯಿರಿ. ಎಷ್ಟು ಮಾದರಿ, ಯಾವ ಉಪಕರಣ, ಎಷ್ಟು ತಿಂಗಳು, ಎಷ್ಟು ಖರ್ಚು ಎಂಬುದೆಲ್ಲ ಆ ಒಂದು ಪ್ರಶ್ನೆಯಿಂದಲೇ ಹೊರಡುತ್ತದೆ. ಪ್ರಯೋಗ ಕೈಕೊಟ್ಟರೆ ಮುಂದೇನು ಎಂಬುದನ್ನೂ ಮುಚ್ಚಿಡದೆ ಹೇಳಿ. ಅನೇಕರು ಇದನ್ನು ದೌರ್ಬಲ್ಯವೆಂದು ಬಿಟ್ಟುಬಿಡುತ್ತಾರೆ. ನನ್ನ ಮಟ್ಟಿಗೆ ಪ್ರಸ್ತಾವನೆಯ ಅತ್ಯಂತ ಗಟ್ಟಿಯಾದ ಭಾಗ ಅದೇ.