ಏಟು ಸಿಸ್ಟರ್‌ಗೇ ಏಕೆ?

ಸಿಂಧನೂರಿನಿಂದ ಬರೆದಿದ್ದೀರಿ. ವಾಂತಿಭೇದಿಯಿಂದ ಸೋತಿದ್ದ ಮಗುವಿಗೆ ಸಲೈನ್ ಹಚ್ಚಲು ಸಿಸ್ಟರ್ ಮೂರ್ನಾಲ್ಕು ಕಡೆ ಚುಚ್ಚಿದರು, ತಡೆಯಲಾರದೆ ನಿಮ್ಮ ಅಣ್ಣ ಒಂದೇಟು ಹಾಕಿದರು, "ಹೆತ್ತ ಕರುಳಿನ ಸಂಕಟಕ್ಕೂ ಪೊಲೀಸ್ ಕೇಸೇ?" ಎಂದು ಕೇಳಿದ್ದೀರಿ.

ಸಂಕಟ ಸುಳ್ಳಲ್ಲ. ಕೆಲವು ಸಿಸ್ಟರ್‌ಗಳ ಬಾಯಿ ಜೋರು ಎಂಬುದನ್ನೂ ಒಪ್ಪೋಣ. ಆದರೆ ಮೈಯ ನೀರು ಆರಿದ ಮಗುವಿನ ನರ ಕುಗ್ಗಿ ಬೆರಳಿಗೆ ಸಿಗುವುದೇ ಇಲ್ಲ. ಪಟ್ಟಿ ಬಿಗಿದು ಮುಂಗೈ ತಟ್ಟಬೇಕು, ಅಲ್ಲಿ ಸಿಗದಿದ್ದರೆ ಪಾದ, ಅಲ್ಲೂ ಇಲ್ಲದಿದ್ದರೆ ತಲೆಯ ಬದಿ. ಸುತ್ತ ಹತ್ತು ಮಂದಿ ನಿಂತು, ಒಬ್ಬ ಮೊಬೈಲ್ ಹಿಡಿದು, "ಬರಂಗಿಲ್ಲಂದ್ರ ಬಿಡವಾ, ಕೂಸನ್ನ ಕೊಲ್ತೀಯೇನು" ಎನ್ನುತ್ತಿದ್ದರೆ ಯಾರ ಕೈ ನಡುಗದು?

ಬೇಸರಿಸಬೇಡಿ, ಒಂದು ಕೇಳುತ್ತೇನೆ. ಪಹಣಿ ತಿದ್ದಿಸಲು ತಹಶೀಲ್ದಾರ್ ಕಚೇರಿಗೆ ಚಪ್ಪಲಿ ಸವೆಸುವ ನಾವು ಅಲ್ಲಿ ಯಾರ ಕಪಾಳಕ್ಕೆ ಹೊಡೆದಿದ್ದೇವೆ? ಔಷಧ ಹೊರಗೆ ಬರೆದದ್ದು, ಬೆಡ್ ಇಲ್ಲದ್ದು, ದೊಡ್ಡ ಡಾಕ್ಟರ್ ಬಾರದ್ದು ಯಾವುದೂ ಸಿಸ್ಟರ್ ಕೈಯಲ್ಲಿಲ್ಲ. ಎಲ್ಲದಕ್ಕೂ ಮಾತು ಕೇಳುವವರು ಮಾತ್ರ ಅವರೇ. ಡಾಕ್ಟರುಗಳೂ ಹೊಡೆತ ತಿಂದಿದ್ದಾರೆ, ನಿಜ. ಅವರಿಗೆ ಪೆಟ್ಟಾದರೆ ಒಪಿಡಿ ಬಂದ್, ಸಿಸ್ಟರ್‌ಗೆ ಆದರೆ ರಾಜಿ.

ಲಿಂಗಸುಗೂರು ಕಡೆಯ ಪರಿಚಯದ ಸಿಸ್ಟರ್ ಒಬ್ಬರು ಒಡೆದ ತುಟಿಗೆ ಹೊಲಿಗೆ ಹಾಕಿಸಿಕೊಂಡು ಅದೇ ರಾತ್ರಿಪಾಳಿ ಮುಗಿಸಿದರು. ಠಾಣೆಯಲ್ಲಿ "ಪಾಪ, ಹಳ್ಳಿ ಮಂದಿ, ಬಿಟ್ಬಿಡ್ರಿ" ಎಂದರಂತೆ. ಈಕೆ ಯಾವ ಪಟ್ಟಣದವಳು ಸ್ವಾಮಿ! ಹೊರಗುತ್ತಿಗೆ ನೌಕರಿ ಬೇರೆ. ಕೋರ್ಟಿಗೆ ಓಡಾಡಿದರೆ ಅಂದಿನ ಸಂಬಳ ಖೋತಾ. ರಾಜ್ಯದ 2009ರ ಕಾಯ್ದೆ ನರ್ಸುಗಳಿಗೂ ನರ್ಸಿಂಗ್ ವಿದ್ಯಾರ್ಥಿಗಳಿಗೂ ರಕ್ಷಣೆ ಕೊಟ್ಟಿದೆ, ಹಲ್ಲೆ ಜಾಮೀನುರಹಿತ ಅಪರಾಧ. ಅದನ್ನು ಸಾರುವ ಗೋಡೆಯ ಮೇಲಿನ ಫಲಕವನ್ನು ಓದುವಷ್ಟು ವ್ಯವಧಾನ ಕ್ಯಾಶುವಾಲ್ಟಿಯಲ್ಲಿ ಯಾರಿಗಿದೆ?

ಬೋಧಕ ಆಸ್ಪತ್ರೆಯ ವಾರ್ಡಿನಲ್ಲಿ 3 ಹಾಸಿಗೆಗೆ ಒಬ್ಬ ನರ್ಸ್, ಇತರ ಆಸ್ಪತ್ರೆಗಳಲ್ಲಿ 5ಕ್ಕೆ ಒಬ್ಬರು ಎನ್ನುತ್ತದೆ ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ನಮ್ಮ ಕಡೆ ರಾತ್ರಿ ಹೊತ್ತು ಇಡೀ ವಾರ್ಡಿಗೆ ಒಬ್ಬರೇ ಓಡಾಡುವುದನ್ನು ನೀವೂ ನೋಡಿರುತ್ತೀರಿ. ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದು ದಶಕ ದಾಟಿತು. ಅದರ ಹೆಸರಲ್ಲಿ ಸನ್ಮಾನ ಮಾಡಿಸಿಕೊಂಡವರು ಮೇ 12ರ ನರ್ಸುಗಳ ದಿನಕ್ಕೆ ಇದೇ ಸಿಸ್ಟರ್‌ಗಳ ಕೈಗೆ ದೀಪ ಕೊಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. ನಿಮ್ಮ ಅಣ್ಣನ ಸಿಟ್ಟು ಆ ವೇದಿಕೆಯವರೆಗೆ ಹೋಗಿದ್ದರೆ ನಾನೂ ಜೊತೆಗೆ ಬರುತ್ತಿದ್ದೆ.

ಪತ್ರ ಚೆನ್ನಾಗಿ ಬರೆಯುತ್ತೀರಿ. ಇನ್ನೊಂದು ಬರೆಯಿರಿ, ಮಾಹಿತಿ ಹಕ್ಕು ಕಾಯ್ದೆಯಡಿ ಆಸ್ಪತ್ರೆಯ ಮಾಹಿತಿ ಅಧಿಕಾರಿಗೆ. 10 ರೂಪಾಯಿ ಶುಲ್ಕ ಕಟ್ಟಿ, ಆ ರಾತ್ರಿ ಆ ವಾರ್ಡಿನಲ್ಲಿ ಎಷ್ಟು ರೋಗಿಗಳಿದ್ದರು, ಎಷ್ಟು ಸಿಸ್ಟರ್‌ಗಳಿದ್ದರು, ಮಂಜೂರಾದ ಹುದ್ದೆಗಳಲ್ಲಿ ಖಾಲಿ ಎಷ್ಟು ಎಂದು ಕೇಳಿ. 30 ದಿನದಲ್ಲಿ ಉತ್ತರ ಕೊಡಲೇಬೇಕು. ಬಂದದ್ದನ್ನು ನಮಗೆ ಕಳಿಸಿ, ಇದೇ ಪುಟದಲ್ಲಿ ಹಾಕುತ್ತೇವೆ.

– ಸಂಪಾದಕ