ಅಲೆಂಡೆಯ ಬಿಳಿ ಚುಕ್ಕೆಗಳನ್ನು ಕೆರೆಯಬೇಡಿ

ತಾವು ಹಾಕಿರುವ ಅಲೆಂಡೆ ಉಲ್ಕಾಶಿಲೆಯ ಬಿಲ್ಲೆಯ ಚಿತ್ರವನ್ನು ಹಿಗ್ಗಿಸಿ ನೋಡಿದೆ; ಅದನ್ನು ಎರಡು ಹೋಳು ಮಾಡುವ ಯೋಚನೆಯಿದೆ ಎಂದೂ ಬರೆದಿದ್ದೀರಿ. ಅದರ ಬಿಳಿ ಚುಕ್ಕೆಗಳು ತೇವಕ್ಕೆ ಕಟ್ಟಿದ ಸುಣ್ಣವೆಂದೂ ಸೂಜಿಯಿಂದ ಕೆರೆದು ವಿನೆಗರ್‌ನಲ್ಲಿ ತೊಳೆಯಬೇಕೆಂದೂ ಮೇಲೆ ಒಬ್ಬರು ಸಲಹೆ ನೀಡಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮರುಭೂಮಿಯಲ್ಲಿ ಬಹುಕಾಲ ಬಿದ್ದಿದ್ದ ಉಲ್ಕಾಶಿಲೆಗಳ ಬಿರುಕಿನಲ್ಲಿ ಸುಣ್ಣ ಕಟ್ಟುವುದುಂಟು. ಆದರೆ ಅಲೆಂಡೆ 1969ರ ಫೆಬ್ರವರಿ 8ರಂದು ಮೆಕ್ಸಿಕೋದ ಚಿವಾವಾ ರಾಜ್ಯದಲ್ಲಿ ಬಿದ್ದದ್ದು, ಅದರ ತುಣುಕುಗಳನ್ನು ಹೆಕ್ಕುವ ಕೆಲಸವೂ ಕೂಡಲೇ ಆರಂಭವಾಯಿತು.

ಹತ್ತು ಪಟ್ಟಿನ ಮಸೂರ ಹಿಡಿದು, ಟಾರ್ಚಿನ ಬೆಳಕನ್ನು ಓರೆಯಾಗಿ ಬೀಳಿಸಿ ನೋಡಿ. ಗುಂಡಗಿನ ಬೂದು ಕಣಗಳು ಕಾಂಡ್ರೂಲ್‌ಗಳು, ಅಂದರೆ ಕರಗಿದ ಹನಿಗಳು ಗಟ್ಟಿಯಾಗಿ ಆದ ಗುಂಡುಗಳು. ಅಂಕುಡೊಂಕು ಅಂಚಿನ, ಬಿಳಿ ಅಥವಾ ನಸುಗುಲಾಬಿ ತೇಪೆಗಳು ಕ್ಯಾಲ್ಸಿಯಂ ಮತ್ತು ಅಲ್ಯೂಮಿನಿಯಂ ಹೇರಳವಾಗಿರುವ ಒಳಸೇರಿಕೆಗಳು, ಅಂದರೆ ಶಿಲೆಯೊಳಗೆ ಹುದುಗಿದ ಬೇರೆ ಖನಿಜಗಳ ತುಣುಕುಗಳು. (ಸುಣ್ಣದಲ್ಲಿರುವ ಕ್ಯಾಲ್ಸಿಯಂ ಇಲ್ಲಿಯೂ ಇರುವುದರಿಂದ ಆ ಮಿತ್ರರ ಊಹೆ ಪೂರ್ತಿ ದಿಕ್ಕು ತಪ್ಪಿದ್ದೇನಲ್ಲ.) ಇವುಗಳಲ್ಲಿರುವ ಮೆಲಿಲೈಟ್, ಸ್ಪಿನೆಲ್‌ನಂತಹ ಖನಿಜಗಳು, ಎಳೆಯ ಸೂರ್ಯನ ಸುತ್ತಲಿನ ಅನಿಲವು ಇನ್ನೂ 1,000 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿದ್ದಾಗಲೇ ಘನರೂಪಕ್ಕೆ ಬರುವಂಥವು. ಯುರೇನಿಯಂ ಕ್ಷಯಿಸಿ ಉಳಿಸಿದ ಸೀಸದ ಲೆಕ್ಕದಂತೆ ಇವುಗಳ ವಯಸ್ಸು ಸುಮಾರು 456.7 ಕೋಟಿ ವರ್ಷ. ಸೌರಮಂಡಲದ ವಯಸ್ಸೆಂದು ನಾವು ಹೇಳುವ ಸಂಖ್ಯೆ ಇಲ್ಲಿಂದಲೇ ಬಂದದ್ದು.

ವಯಸ್ಸಿಗಿಂತ ನನಗೆ ಸೋಜಿಗವೆನಿಸುವುದು ಮೆಗ್ನೀಸಿಯಂನ ಸಂಗತಿ. ಒಳಸೇರಿಕೆಯಲ್ಲಿರುವ ಅನಾರ್ಥೈಟ್ ಹರಳಿನಲ್ಲಿ ಅಲ್ಯೂಮಿನಿಯಂ ತುಂಬಿರುತ್ತದೆ, ಮೆಗ್ನೀಸಿಯಂ ಇಲ್ಲವೆನ್ನುವಷ್ಟು ಕಡಿಮೆ. 1976ರಲ್ಲಿ ಅಮೆರಿಕದ ಕ್ಯಾಲ್ಟೆಕ್ ಸಂಸ್ಥೆಯ ವಿಜ್ಞಾನಿಗಳಾದ ಲೀ, ಪಾಪನಸ್ತಾಸಿಯು ಮತ್ತು ವಾಸರ್‌ಬರ್ಗ್ ಅಲೆಂಡೆಯ ಒಂದು ಒಳಸೇರಿಕೆಯನ್ನು ಅಳೆದಾಗ, ಅಲ್ಯೂಮಿನಿಯಂ ಹೆಚ್ಚಿದಷ್ಟೂ ಮೆಗ್ನೀಸಿಯಂ-26 (ಮೆಗ್ನೀಸಿಯಂನ ಒಂದು ಐಸೋಟೋಪ್) ಹೆಚ್ಚಿರುವುದು ಕಂಡಿತು. ಸುಮಾರು 7 ಲಕ್ಷ ವರ್ಷಗಳ ಅರ್ಧಾಯುಷ್ಯದ (ಅಷ್ಟು ಕಾಲದಲ್ಲಿ ಅರ್ಧದಷ್ಟು ಕ್ಷಯಿಸುವ) ಅಲ್ಯೂಮಿನಿಯಂ-26 ಆ ಹರಳಿನೊಳಗೇ ಇದ್ದು ಮೆಗ್ನೀಸಿಯಂ-26 ಆಗಿ ಕ್ಷಯಿಸಿದ್ದರೆ ಮಾತ್ರ ಈ ಹೊಂದಾಣಿಕೆ ಅರ್ಥವಾಗುತ್ತದೆ. ಅಷ್ಟು ಬೇಗ ಮುಗಿದುಹೋಗುವ ಪರಮಾಣು ಹರಳಿಗೆ ಸಿಕ್ಕಿತೆಂದರೆ, ಆ ಪರಮಾಣು ಹುಟ್ಟಿದ ಮೇಲೆ ಹರಳು ರೂಪುಗೊಳ್ಳಲು ಬಹಳ ಕಾಲ ಹಿಡಿದಿರಲಾರದು. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರು 1994ರಲ್ಲಿ ಎಫ್ರೆಮೋವ್ಕಾ ಉಲ್ಕಾಶಿಲೆಯ ಒಳಸೇರಿಕೆಗಳಲ್ಲಿ, ಇನ್ನೂ ಅಲ್ಪಾಯುವಾದ ಕ್ಯಾಲ್ಸಿಯಂ-41ರ ಗುರುತನ್ನು ತೋರಿಸಿ ಆ ಅವಧಿಯನ್ನು ಮತ್ತಷ್ಟು ಬಿಗಿಗೊಳಿಸಿದರು. ಇದೇ ಅಲ್ಯೂಮಿನಿಯಂ-26ರ ಶಾಖ ಮೊದಲ ಪುಟ್ಟ ಗ್ರಹಕಾಯಗಳನ್ನು ಒಳಗಿನಿಂದ ಕರಗಿಸಿತು.

ಬಿಲ್ಲೆಯನ್ನು ಬರಿಗೈಯಲ್ಲಿ ಮುಟ್ಟದೆ, ಎಣ್ಣೆ ಸವರದೆ, ಸಿಲಿಕಾ ಜೆಲ್ ಪೊಟ್ಟಣವಿಟ್ಟ ಡಬ್ಬಿಯಲ್ಲಿಡಿ. ಎರಡು ಹೋಳು ಮಾಡುವ ಯೋಚನೆ ಇನ್ನೂ ಇದ್ದರೆ, ಬಲಮೂಲೆಯ ಆ ದೊಡ್ಡ ಬಿಳಿ ತೇಪೆಯನ್ನು ಬಿಟ್ಟು ಗೆರೆ ಎಳೆಯಿರಿ.